ನಗರದ ಬಡವರ ಮನೆ: ಹಣವೊಂದೇ ಸಾಲದು

ನಗರಸಭೆಯ ಮನೆ ಪಟ್ಟಿಯಲ್ಲಿ ಹೆಸರು ಬಂತೆಂದರೆ ಮನೆ ಎದ್ದು ನಿಂತಂತೆಯೇ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ನಿಜವಾದ ಓಡಾಟ ಆರಂಭವಾಗುವುದೇ ಆ ಬಳಿಕ ಎಂಬುದು ಅನುಭವಸ್ಥರಿಗೆ ಗೊತ್ತು.

ನಗರಗಳಿಗಾಗಿ ಪ್ರಧಾನಮಂತ್ರಿ ಆವಾಸ್ ಯೋಜನೆ ಆರಂಭವಾದುದು 2015ರ ಜೂನ್ 25ರಂದು. ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳುವವರಿಗೆ ಕೇಂದ್ರದ ಪಾಲು ಒಂದೂವರೆ ಲಕ್ಷ ರೂಪಾಯಿ. ಕೇರಳದಲ್ಲಿ ಇದನ್ನು ಲೈಫ್ ಮಿಷನ್ನಿನೊಂದಿಗೆ ಜೋಡಿಸಿ, ರಾಜ್ಯದ ಹಾಗೂ ನಗರಸಭೆಯ ಪಾಲನ್ನು ಕೂಡಿಸಿ, ಮನೆಯೊಂದಕ್ಕೆ 4 ಲಕ್ಷ ರೂಪಾಯಿ ಎಂದು ನಿಗದಿಪಡಿಸಲಾಯಿತು. ಉಸ್ತುವಾರಿ ಕುಟುಂಬಶ್ರೀಯದು.

ಈ ಹಣ ಒಂದೇ ಗಂಟಾಗಿ ಕೈಸೇರುವುದಲ್ಲ. ಪಂಚಾಂಗ ಮುಗಿದಾಗ, ಲಿಂಟಲ್ ಮಟ್ಟ ತಲುಪಿದಾಗ, ಮಾಡು ಬಿದ್ದಾಗ, ಕೊನೆಗೆ ಕೆಲಸ ಪೂರ್ತಿಯಾದಾಗ ಒಬ್ಬರು ಸ್ಥಳಕ್ಕೆ ಬಂದು ನೋಡಿ, ಸ್ಥಳದ ಗುರುತು ಸಹಿತ ಚಿತ್ರ ತೆಗೆದು ಕಳುಹಿಸಬೇಕು. ಆಮೇಲೆಯೇ ಮುಂದಿನ ಕಂತು. ಕಳ್ಳಲೆಕ್ಕ ತಡೆಯಲು ಇದು ಬೇಕಾದ ಕ್ರಮವೇ, ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಬರುವವರು ಯಾರು? ಒಬ್ಬ ಓವರ್‌ಸಿಯರ್ ರಸ್ತೆ, ಚರಂಡಿ, ಕಟ್ಟಡ ಪರವಾನಿಗೆ ಎಲ್ಲವನ್ನೂ ನೋಡಬೇಕಾಗಿ ಬಂದರೆ ಬಡವನ ಮನೆಯ ಸರದಿ ಹಿಂದಕ್ಕೆ ಹೋಗುವುದು ಸಹಜ. ನಮ್ಮ ಕರಾವಳಿಯಲ್ಲಿ ಈ ವಿಳಂಬಕ್ಕೆ ಬೇರೆಯೇ ಬೆಲೆಯುಂಟು. ಎಪ್ರಿಲಿನಲ್ಲಿ ನೋಡಬೇಕಾದ ಗೋಡೆಯನ್ನು ಮೇ ಕೊನೆಗೆ ನೋಡಿದರೆ ಮಳೆ ಹಿಡಿಯುತ್ತದೆ. ಮೇಸ್ತ್ರಿ ಬೇರೆ ಕೆಲಸಕ್ಕೆ ಹೋಗುತ್ತಾನೆ; ಮಾಡಿಲ್ಲದ ಕೆಂಪುಕಲ್ಲಿನ ಗೋಡೆ ಹಾವಸೆಗಟ್ಟುತ್ತದೆ. ಹಳೆಯ ಮನೆಯನ್ನು ಕೆಡವಿಯೇ ಹೊಸತಕ್ಕೆ ಕೈಹಾಕಿದ ಕುಟುಂಬವು ಮಕ್ಕಳು ಮುದುಕರೊಡನೆ ಟಾರ್ಪಾಲಿನ ಅಡಿಯಲ್ಲಿ ಆಟಿ ತಿಂಗಳನ್ನು ಕಳೆಯಬೇಕು, ಇಲ್ಲವೇ ಇಲ್ಲದ ಬಾಡಿಗೆ ತೆರಬೇಕು.

ಯೋಜನೆ ಮಾಡಿದವರಿಗೆ ಈ ಅರಿವು ಇರಲಿಲ್ಲವೆನ್ನುವಂತಿಲ್ಲ. ಊರಿನ ಗಾತ್ರಕ್ಕೆ ತಕ್ಕಂತೆ 2ರಿಂದ 4 ಮಂದಿ ತಜ್ಞರ ತಾಂತ್ರಿಕ ಘಟಕವನ್ನು ನಗರ ಮಟ್ಟದಲ್ಲಿ ರಚಿಸಬಹುದೆಂದು 2015ರ ನಿಯಮಾವಳಿಯಲ್ಲೇ ಇತ್ತು. ತರಬೇತಿ, ಪ್ರಚಾರ, ಆಡಳಿತದ ಖರ್ಚಿಗೆಂದು ಶೇಕಡಾ 5ರಷ್ಟು ಹಣವನ್ನೂ ತೆಗೆದಿರಿಸಲಾಗಿತ್ತು. ಮನೆ ಯೋಜನೆಗೆ ಇಂಜಿನಿಯರನೊಬ್ಬ ಸಾಲದು. ಮನೆಯಿಲ್ಲದವರನ್ನು ಹುಡುಕಿ ಮಾತಾಡಿಸುವವರು, ಜಾಗದ ಕಾಗದ ಪರಿಶೀಲಿಸುವವರು, ಲೆಕ್ಕ ಬರೆಯುವವರು, ಊರು ಎತ್ತ ಬೆಳೆಯುತ್ತದೆಂದು ಮುಂಗಾಣುವ ನಗರ ಯೋಜಕರು, ಇಷ್ಟೂ ಮಂದಿ ಬೇಕು. ಈ ಕೊನೆಯವರಂತೂ ದೇಶದಲ್ಲೇ ಅಪರೂಪ. ರಾಜ್ಯಗಳ ನಗರ ಯೋಜನಾ ಇಲಾಖೆಗಳಿಗೆ 12,000ಕ್ಕೂ ಹೆಚ್ಚು ಯೋಜಕರು ಬೇಕಿದ್ದಲ್ಲಿ ಮಂಜೂರಾದ ಹುದ್ದೆಗಳು 3,945, ಅವುಗಳಲ್ಲೂ ಶೇಕಡಾ 42 ಖಾಲಿ ಎಂದು ನೀತಿ ಆಯೋಗವು 2021ರಲ್ಲಿ ವರದಿ ಮಾಡಿತು.

ಕಾಸರಗೋಡಿನವರಾದ ನಮಗೆ ಇನ್ನೊಂದು ಗಂಟು. 1956ಕ್ಕೆ ಮುಂಚೆ ಈ ತಾಲೂಕು ಮದರಾಸಿನ ದಕ್ಷಿಣ ಕನ್ನಡಕ್ಕೆ ಸೇರಿದ್ದುದರಿಂದ ಅಜ್ಜನ ಕಾಲದ ಆಧಾರ, ಪಾಲುಪಟ್ಟಿಗಳು ಹಲವು ಮನೆಗಳಲ್ಲಿ ಕನ್ನಡದಲ್ಲಿಯೇ ಇವೆ. ಮೂರು ಸೆಂಟ್ಸು ಜಾಗ ಯಾರ ಪಾಲಿನದೆಂಬುದು ಆ ಮಾಸಿದ ಕೈಬರಹದಲ್ಲಿರುತ್ತದೆ. ಮೇಜಿನಾಚೆ ಕುಳಿತವರಿಗೆ ಅದನ್ನು ಓದಲು ಬಾರದಿದ್ದರೆ ಅರ್ಜಿದಾರ ಭಾಷಾಂತರಕ್ಕೆಂದು ಅಲೆಯಬೇಕು. ತುಳು, ಕನ್ನಡ ಮಾತ್ರ ಬಲ್ಲ ಅಜ್ಜಿಯೊಡನೆ ಸಮೀಕ್ಷೆಗೆ ಬಂದವರು ಮಲಯಾಳದಲ್ಲಿ ಪ್ರಶ್ನೆ ಕೇಳಿ, ಅರ್ಧ ಉತ್ತರ ಬರೆದುಕೊಂಡು ಹೋದರೆ ತಪ್ಪು ಯಾರದು? ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರೀ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು ಎಂದು 1969ರ ಕೇರಳ ಅಧಿಕೃತ ಭಾಷಾ ಕಾನೂನು ಹೇಳಿದೆ. ಕನ್ನಡ ಬಲ್ಲವರನ್ನು ನೇಮಿಸಿರೆಂದು ನಾವು ಕೇಳುವುದು ಉಪಕಾರವನ್ನಲ್ಲ.

2024ರ ಸೆಪ್ಟೆಂಬರಿನಲ್ಲಿ ಯೋಜನೆಯ ಎರಡನೆಯ ಘಟ್ಟ ಆರಂಭವಾಗಿದೆ; ಐದು ವರ್ಷಗಳಲ್ಲಿ ದೇಶದ 1 ಕೋಟಿ ಕುಟುಂಬಗಳಿಗೆ ನೆರವು ನೀಡುವ ಗುರಿ. ವಾರ್ಡುಸಭೆಗೆ ಹೋಗುವ ಓದುಗರು ಪಟ್ಟಿಯಲ್ಲಿ ಹೆಸರಿದೆಯೇ ಎಂದಷ್ಟೇ ವಿಚಾರಿಸಿ ಹಿಂತಿರುಗದಿರಲಿ. ಮನೆ ಕೆಲಸ ನೋಡಲು ಎಷ್ಟು ಮಂದಿ ಇದ್ದಾರೆ, ಅವರಲ್ಲಿ ಕನ್ನಡ ಓದಬಲ್ಲವರೆಷ್ಟು ಎಂದು ಕೇಳಿ, ಆ ಪ್ರಶ್ನೆಯನ್ನೂ ಉತ್ತರವನ್ನೂ ನಡವಳಿಪುಸ್ತಕದಲ್ಲಿ ಬರೆಯಿಸಲಿ.