ಮಳೆಗಾಲಕ್ಕೆ ಮುನ್ನ ನಾಯಿ ಬೆಕ್ಕುಗಳ ಆರೈಕೆ

ಮೇ ತಿಂಗಳು ಬಂತೆಂದರೆ ನಮ್ಮಂಥವರಿಗೆ ಉಸಿರಾಡಲು ಬಿಡುವಿಲ್ಲ. ಕಾಫಿ ತೋಟದ ಮರಗಸಿ, ಅಡಿಕೆ ತೋಟದ ಬಸಿಗಾಲುವೆ, ಮೈಲುತುತ್ತು ಸುಣ್ಣ ತಂದಿಡುವುದು, ಸೌದೆ ಒಟ್ಟುವುದು, ಹಂಚು ಸರಿಪಡಿಸುವುದು. ದನಕರುಗಳ ಲಸಿಕೆಯೂ ಈ ಪಟ್ಟಿಯಲ್ಲಿ ಎಲ್ಲೋ ಸೇರಿಕೊಳ್ಳುತ್ತದೆ. ವರ್ಷವಿಡೀ ಮಂಗ ಹಂದಿಗಳನ್ನು ಅಟ್ಟುವ ನಾಯಿಯನ್ನೂ, ಅಟ್ಟದ ಮೇಲಿನ ಚೀಲಗಳನ್ನು ಇಲಿಯಿಂದ ಕಾಯುವ ಬೆಕ್ಕನ್ನೂ ಇದಕ್ಕೆ ಸೇರಿಸುವವರು ಕಡಿಮೆ. ನಾನೂ ಸೇರಿಸಿದವನಲ್ಲ. ಸೇರಿಸಿದ ಮೊದಲ ವರ್ಷವೇ ಒಂದು ತಪ್ಪು ಮಾಡಿದೆ. ಅದನ್ನು ಸದಸ್ಯ ಬಾಂಧವರ ಮುಂದೆ ಹೇಳಿಬಿಡೋಣವೆಂದೇ ಈ ಲೇಖನ.

ಆ ಬೇಸಿಗೆಯ ಕೊನೆಯಲ್ಲಿ ನಮ್ಮ ನಾಯಿಗೆ ಉಣುಗು ವಿಪರೀತವಾಗಿತ್ತು. ಕಿವಿಯೊಳಗೆ, ಬೆರಳ ಸಂದಿನಲ್ಲಿ, ಕುತ್ತಿಗೆಯ ಪಟ್ಟಿಯ ಅಡಿಯಲ್ಲಿ ಹರಳು ಬೀಜದಂತೆ ಊದಿಕೊಂಡಿದ್ದವು. ಪೇಟೆಯಿಂದ ನಾಯಿಗೆಂದೇ ತಯಾರಿಸಿದ ಪರ್ಮೆಥ್ರಿನ್ ಔಷಧಿ ತಂದು ಹಚ್ಚಿದೆ. ಎರಡು ದಿನಗಳಲ್ಲಿ ಗುಣ ಕಂಡಿತು. ಶೀಸೆಯಲ್ಲಿ ಸ್ವಲ್ಪ ಉಳಿದಿತ್ತು. ಬೆಕ್ಕಿನ ಕತ್ತಿನಲ್ಲೂ ನಾಲ್ಕು ಉಣುಗು ಕಂಡವು. ಉಳಿದದ್ದನ್ನು ಅದಕ್ಕೆ ಸವರಿದೆ. ದುಡ್ಡು ಕೊಟ್ಟ ಮದ್ದು ವ್ಯರ್ಥವಾಗಬಾರದೆಂಬ ಬೆಳೆಗಾರನ ಬುದ್ಧಿ! ಸಂಜೆಯ ಹೊತ್ತಿಗೆ ಬೆಕ್ಕಿನ ಕಿವಿ, ಮುಖ ಅದುರತೊಡಗಿದವು. ಬಾಯಲ್ಲಿ ಜೊಲ್ಲು. ರಾತ್ರಿ ಮೈಯೆಲ್ಲ ನಡುಕ, ಸೆಳೆತ. ಪಾಷಾಣ ತಿಂದ ಇಲಿಯನ್ನು ತಿಂದಿರಬೇಕೆಂದು ಮನೆಯಾಕೆ ಹೇಳಿದಳು, ನಾನೂ ಒಪ್ಪಿದೆ. ಬೆಳಗಿನ ಜಾವ ಅದು ಸತ್ತಿತು. ವಾರದ ಮೇಲೆ ಕರುವನ್ನು ನೋಡಲು ಬಂದ ಪಶುವೈದ್ಯರಿಗೆ ಮಾತಿನ ನಡುವೆ ಈ ಸಂಗತಿ ತಿಳಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಮೈಗೆ ಏನಾದರೂ ಹಚ್ಚಿದ್ದಿರಾ?”

ಪರ್ಮೆಥ್ರಿನ್ ಎಂಬುದು ಸೇವಂತಿಗೆ ಜಾತಿಯ ಹೂವೊಂದರಲ್ಲಿರುವ ಕೀಟನಾಶಕ ಸತ್ವವನ್ನು ಅನುಸರಿಸಿ ಕಾರ್ಖಾನೆಯಲ್ಲಿ ಮಾಡಿದ ವಸ್ತು. ನಾಯಿಯ ಪಿತ್ತಜನಕಾಂಗ ಅದನ್ನು ಬೇಗ ಒಡೆದು ಹೊರಹಾಕುತ್ತದೆ. ಬೆಕ್ಕಿಗೆ ಆ ಶಕ್ತಿ ತೀರ ಕಡಿಮೆ. ವಿಷ ದೇಹದಲ್ಲೇ ನಿಂತು ನರಗಳಿಗೆ ತಾಗುತ್ತದೆ. ಸಾಲದ್ದಕ್ಕೆ ಬೆಕ್ಕು ದಿನವಿಡೀ ಮೈ ನೆಕ್ಕುವ ಪ್ರಾಣಿ. ದನದ ಉಣುಗಿಗೆ ನೀರಿನಲ್ಲಿ ಬೆರೆಸಿ ಹಚ್ಚುವ ಡೆಲ್ಟಾಮೆಥ್ರಿನ್ ಕೂಡ ಇದೇ ಗುಂಪಿನದು. ಅಮಿಟ್ರಾಜ್ ಬೇರೆ ಗುಂಪಿನದಾದರೂ ಬೆಕ್ಕಿಗೆ ಸಲ್ಲದು. ನಾವು ಜ್ವರಕ್ಕೆ ನುಂಗುವ 500 ಮಿ.ಗ್ರಾಂ. ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಒಂದು ಸಾಕು, ಬೆಕ್ಕಿನ ಪ್ರಾಣ ತೆಗೆಯಲು.

ಅಕಸ್ಮಾತ್ ಹಚ್ಚಿಬಿಟ್ಟರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ಹಾಕಿ ಮೈಯನ್ನು ಚೆನ್ನಾಗಿ ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ತಕ್ಷಣ ವೈದ್ಯರಲ್ಲಿಗೆ ಒಯ್ಯಬೇಕು. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ ಬದುಕುವುದುಂಟು. ನಾಯಿಗೆ ಮದ್ದು ಹಚ್ಚಿದ ದಿನ ಅದು ಪೂರ್ತಿ ಒಣಗುವ ತನಕ ಬೆಕ್ಕು ಅದರ ಮಗ್ಗುಲಲ್ಲಿ ಮಲಗದಂತೆ ನೋಡಿಕೊಳ್ಳಬೇಕು. ಬೆಕ್ಕಿನ ಉಣುಗನ್ನು ಕೈಯಿಂದ ಕೀಳುವುದೇ ಕ್ಷೇಮ. ಹೆಚ್ಚಿದ್ದರೆ ಬೆಕ್ಕಿಗೆಂದೇ ನಮೂದಿಸಿದ ಔಷಧಿಯನ್ನು ಅದರ ತೂಕ ಹೇಳಿ ವೈದ್ಯರಿಂದ ಪಡೆಯಬೇಕು.

ಇನ್ನು ನಾಯಿಯ ಉಣುಗು. ಮೈಮೇಲಿನದನ್ನು ಕೊಂದರೆ ಅರ್ಧ ಕೆಲಸ ಮಾತ್ರ. ರಕ್ತ ಕುಡಿದ ಹೆಣ್ಣು ಉದುರಿ, ಗೋಡೆಯ ಬಿರುಕಿಗೆ ಹೋಗಿ ಸಾವಿರಾರು ಮೊಟ್ಟೆ ಇಡುತ್ತದೆ. ಅದರ ಮರಿ ಒಂದೊಂದು ಹಂತದಲ್ಲೂ ನಾಯಿಯ ಮೇಲೆ ಹತ್ತಿ ಇಳಿಯುತ್ತದೆ. ಆದ್ದರಿಂದ ನಾಯಿ ಮಲಗುವ ಗೋಣಿತಾಟನ್ನು ಸುಟ್ಟುಬಿಡಿ, ಇಲ್ಲವೇ ಕುದಿನೀರಿಗೆ ಹಾಕಿ ಬಿಸಿಲಿಗೆ ಒಣಗಿಸಿ. ಗೂಡಿನ ಸಂದುಗಳಿಗೆ ಸಿಮೆಂಟು ಮೆತ್ತಿ ಸುಣ್ಣ ಬಳಿಯಿರಿ. ಎರಡು ಮೂರು ವಾರ ಬಿಟ್ಟು ಮತ್ತೆ ಪರೀಕ್ಷಿಸಿ. ಕೀಳುವಾಗ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಬೇಕು. ಸೀಮೆಎಣ್ಣೆ ಬೇಡ, ಬೆರಳಿನಲ್ಲಿ ಹಿಸುಕುವುದಂತೂ ಬೇಡವೇ ಬೇಡ. ಉಣುಗು ಇದ್ದ ನಾಯಿ ಊಟ ಬಿಟ್ಟು, ಒಸಡು ಬಿಳಿಚಿ, ಮೂಗಿನಲ್ಲಿ ರಕ್ತ ಸೋರಿದರೆ ಅದು ಉಣುಗಿನಿಂದ ಬಂದ ಜ್ವರವಿರಬಹುದು. ರಕ್ತಪರೀಕ್ಷೆ ಮಾಡಿಸಿ ಬೇಗ ಔಷಧಿ ಕೊಟ್ಟರೆ ಗುಣವಾಗುತ್ತದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಬೇರೆಯ ಉಣುಗು, ಕಾಡಿನದು. ಆದರೂ ಡಿಸೆಂಬರಿನಿಂದ ಮೇ ತನಕ, ಕಾಡು ಸುತ್ತಿ ಬಂದ ನಾಯಿಯನ್ನು ನೇರವಾಗಿ ಜಗಲಿಗೆ ಬಿಟ್ಟುಕೊಳ್ಳುವುದು ಜಾಣತನವಲ್ಲ. ಅಂಗಳದಲ್ಲೇ ನಿಲ್ಲಿಸಿ, ಕೈಚೀಲ ತೊಟ್ಟು, ಮೈ ನೋಡಿ ಒಳಗೆ ಬಿಡಿ.

ನಮ್ಮ ಊರುನಾಯಿಗಳಿಗೆ ಕೂದಲಿನ ತೊಂದರೆ ಅಷ್ಟಿಲ್ಲ. ಈಚೆಗೆ ತೋಟದ ಮನೆಗಳಿಗೆ ಬಂದಿರುವ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಬಿಳಿ ಸ್ಪಿಟ್ಜ್‌ಗಳಿಗೆ ಹೊರಗೂದಲಿನ ಕೆಳಗೆ ಮೆತ್ತನೆಯ ಇನ್ನೊಂದು ಪದರವಿದೆ. ಮಳೆಗೆ ಮೊದಲೇ ಅದರ ಉದುರುಗೂದಲನ್ನು ದಿನವೂ ಬಾಚಿ ತೆಗೆಯದಿದ್ದರೆ ಜುಲೈ ತಿಂಗಳಲ್ಲಿ ನೀರು ಹಿಡಿದು, ಅಡಿಯಲ್ಲಿ ಚರ್ಮ ಹುಣ್ಣಾಗಿ ನಾರುತ್ತದೆ. ಸೆಕೆಯೆಂದು ಬೋಳಿಸುವುದೂ ತಪ್ಪು. ಆ ಕೂದಲು ಬಿಸಿಲಿಗೂ ತಡೆ.

ಜೂನ್ ಹಿಡಿದ ಮೇಲೆ ಸ್ನಾನಕ್ಕಿಂತ ಒರೆಸುವುದು ಮುಖ್ಯ. ಹೊಟ್ಟೆಯ ಅಡಿ, ಬೆರಳ ಸಂದು, ಕಿವಿಯ ಒಳಮೈ ಒಣಗಬೇಕು. ಜೋಲು ಕಿವಿಯ ನಾಯಿ ತಲೆ ಕೊಡವುತ್ತಿದ್ದರೆ ಕಿವಿ ಎತ್ತಿ ಮೂಸಿ ನೋಡಿ. ಹುಳಿವಾಸನೆ ಬಂದರೆ ಬೂಷ್ಟು ಹತ್ತಿರಬಹುದು. ಎಣ್ಣೆ ಬಿಡಬೇಡಿ, ವೈದ್ಯರಿಗೆ ತೋರಿಸಿ. ಮಲಗಲು ಬಚ್ಚಲೊಲೆಯ ಹತ್ತಿರ ಒಂದು ಹಲಗೆ ಹಾಕಿಕೊಟ್ಟರೆ ಸಾಕು.

ಕಾಲಿಗೆ ಹತ್ತಿದ ಇಂಬಳ ಚಿಟಿಕೆ ಉಪ್ಪಿಗೆ ಬೀಳುತ್ತದೆ. ಹಳ್ಳದ ನೀರು ಕುಡಿಯುವಾಗ ಮೂಗಿಗೆ ಸೇರುವ ಜಿಗಣೆಯದೇ ಕಾಟ. ಒಂದೇ ಹೊಳ್ಳೆಯಲ್ಲಿ ರಕ್ತ, ಬಿಡದ ಸೀನು. ಮೂಗಿಗೆ ಉಪ್ಪು ಹೊಯ್ಯಬಾರದು. ಒಂದು ಹೊತ್ತು ನೀರು ಕೊಡದೆ, ಆಮೇಲೆ ಅಗಲ ಪಾತ್ರೆಯಲ್ಲಿ ತಣ್ಣೀರಿಟ್ಟರೆ ಜಿಗಣೆ ತಾನೇ ಹೊರಗೆ ಇಣುಕುವುದುಂಟು. ಆಗ ಚಿಮಟದಿಂದ ಹಿಡಿಯಬೇಕು. ನಮ್ಮಲ್ಲಿ ಮೂರನೆಯ ಸಲಕ್ಕೆ ಸಿಕ್ಕಿತು.

ಬೋರ್ಡೋ ಹೊಡೆಯುವ ದಿನ ನಾಯಿಯನ್ನು ಕಟ್ಟಿಹಾಕಿ, ಡ್ರಮ್ಮು ಮುಚ್ಚಿಡಿ. ಹುಚ್ಚುನಾಯಿ ರೋಗದ ಲಸಿಕೆ ಮರಿಗೆ ಮೂರು ತಿಂಗಳಾದಾಗ ಮೊದಲ ಬಾರಿ, ಮುಂದೆ ವೈದ್ಯರು ಹೇಳಿದಂತೆ ವರ್ಷ ವರ್ಷ. ಬೆಕ್ಕಿಗೂ ಹಾಕಿಸಬೇಕು, ಅದು ಕಚ್ಚಿದರೂ ರೋಗ ಬರುತ್ತದೆ. ಕಚ್ಚಿದ ಜಾಗವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ನಮ್ಮ ಮನೆಯಲ್ಲಿ ಈಗ ನಾಯಿಯ ಮದ್ದಿನ ಶೀಸೆಗೆ ಕೆಂಪು ದಾರ ಕಟ್ಟಿದೆ. ಕಪಾಟಿನ ಮೇಲಿನ ಸಾಲಿನಲ್ಲಿ ಇರುತ್ತದೆ. ಮೂಗಿನ ಜಿಗಣೆ ತೆಗೆಯಲು ಇದಕ್ಕಿಂತ ಸುಲಭದ ಉಪಾಯ ಬಲ್ಲ ಸದಸ್ಯರು ಸಂಘದ ಕಚೇರಿಗೆ ಒಂದು ಕಾರ್ಡು ಬರೆದರೆ ಮಳೆ ಹಿಡಿಯುವ ಮೊದಲೇ ಉಳಿದವರಿಗೂ ತಿಳಿಸಬಹುದು.