ಒಂದಿಂಚು ಕಮ್ಮಿ ಕಂಪ್ಯೂಟರು

1999ರ ದೀಪಾವಳಿ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರು ಫ್ರಿಜ್ ತಂದರು, ಇನ್ನೊಬ್ಬರು ವಾಷಿಂಗ್ ಮಷಿನ್ ತಂದರು. ನಾನು ಮಾತ್ರ ಆಫೀಸಿನ ಕ್ರೆಡಿಟ್ ಸೊಸೈಟಿಯಲ್ಲಿ 40,000 ರೂಪಾಯಿ ಸಾಲ ಮಾಡಿ, ಏನು ಕೆಲಸ ಮಾಡುತ್ತದೆಂದು ನನಗೇ ಸರಿಯಾಗಿ ಗೊತ್ತಿಲ್ಲದ ಯಂತ್ರವೊಂದನ್ನು ಮನೆಗೆ ತಂದೆ. ಆಗ ನನ್ನ ಸಂಬಳ ತಿಂಗಳಿಗೆ 8,000.

ಯಾಕೆ ತಂದೆ ಎಂದು ಕೇಳಿದರೆ ಮಗನನ್ನು ತೋರಿಸುತ್ತಿದ್ದೆ. ಅವನು ಆಗ ಏಳನೇ ಇಯತ್ತೆ, ಇಂಗ್ಲಿಷ್ ಮೀಡಿಯಂ. ಶಾಲೆಯಲ್ಲಿ ಇಂಗ್ಲಿಷು, ಗ್ರೌಂಡಿನಲ್ಲಿ ಮರಾಠಿ, ಟಿವಿಯ ಮುಂದೆ ಹಿಂದಿ, ಮನೆಯಲ್ಲಿ ನಮ್ಮ ಗದಗಿನ ಕಡೆಯ ಕನ್ನಡ. ಮಾತಿಗೆ ಕೊರತೆಯಿರಲಿಲ್ಲ. ಆದರೆ ಕನ್ನಡ ಅಕ್ಷರ ಮಾತ್ರ ಬರುತ್ತಿರಲಿಲ್ಲ. ಊರಿನಿಂದ ಅವ್ವ ಬರೆಯುವ ಪ್ರತಿ ಇನ್‌ಲ್ಯಾಂಡ್ ಪತ್ರದ ಕೊನೆಗೆ ಒಂದೇ ಬೇಡಿಕೆ: "ಮೊಮ್ಮಗನ ಕೈಲೆ ಎರಡು ಸಾಲು ಬರಸು." ನಾನು ಪ್ರತಿ ಸಲ "ಪರೀಕ್ಷೆ ಮುಗಿಯಲಿ" ಎಂದು ಬರೆದು ತಪ್ಪಿಸಿಕೊಳ್ಳುತ್ತಿದ್ದೆ. ಹುಡುಗನಿಗೆ ಅದೆಷ್ಟು ಪರೀಕ್ಷೆಗಳಪ್ಪಾ ಎಂದು ಅವ್ವನಿಗೆ ಅನ್ನಿಸಿರಬೇಕು.

ಕಂಪ್ಯೂಟರ್ ತರುತ್ತೇನೆಂಬ ಸುದ್ದಿ ಹಬ್ಬಿದ್ದೇ ತಡ, ಎದುರು ಮನೆಯ ಕಾಕಾ ಬಂದು ಕುಳಿತರು. ರೈಲ್ವೆಯಿಂದ ನಿವೃತ್ತರು, ದಿನಕ್ಕೆ ಮೂರು ಪೇಪರು ಓದುವವರು. "ಈಗ ತಗೋಬೇಡ. ಜನವರಿ ಒಂದಕ್ಕೆ ಜಗತ್ತಿನ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವಂತೆ" ಎಂದರು. ಅದು ವೈಟೂಕೆಯ ಕಾಲ. ಹಳೆಯ ಕಂಪ್ಯೂಟರುಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟಿದ್ದರಿಂದ 2000 ಬಂದಾಗ ಅವು 00 ಎಂದು ಓದಿ, 1900 ಎಂದು ತಿಳಿದುಬಿಡುತ್ತವೆ ಎಂಬ ಹೆದರಿಕೆ. ಇದನ್ನು ನಾನು ಹೆಂಡತಿಗೆ ವಿವರಿಸಿದೆ. ಅವಳು ಒಂದು ಗಳಿಗೆ ಯೋಚಿಸಿ, "1900 ಅಂತ ತಿಳಕೊಂಡ್ರ ಛಲೋನ ಆತಲ್ರಿ. ನಿಮ್ಮ ಸಾಲ ಇನ್ನೂ ತಗೊಂಡಿದ್ದನ ಇರಂಗಿಲ್ಲ" ಎಂದಳು.

ಮುಂಬಯಿಯಲ್ಲಿ ಕಂಪ್ಯೂಟರ್ ಎಂದರೆ ಲ್ಯಾಮಿಂಗ್ಟನ್ ರೋಡು. ಕಾಗದದ ಮೇಲೆ ಅದರ ಹೆಸರು ಡಾ. ದಾದಾಸಾಹೇಬ ಭಡಕಮಕರ ಮಾರ್ಗ. ಆದರೆ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಆ ಹೆಸರು ಕೇಳಿದರೆ ದಾರಿ ತೋರಿಸುವವರು ಸಿಗುವುದು ಕಷ್ಟ. ನಮ್ಮ ಆಫೀಸಿನ ಇಡಿಪಿ ವಿಭಾಗದ ಗೆಳೆಯ ಒಂದು ಚೀಟಿ ಬರೆದುಕೊಟ್ಟಿದ್ದ: ಸೆಲೆರಾನ್ 400, ರ‍್ಯಾಮ್ 64, ಹಾರ್ಡ್ ಡಿಸ್ಕ್ 8.4, ಮಾನಿಟರ್ 15, ಮೋಡೆಮ್ 56, ಸಿಡಿ 52. ನಾನು ಅದನ್ನು ಕಿರಾಣಿ ಯಾದಿಯ ಹಾಗೆ ಮಡಚಿ ಜೇಬಿನಲ್ಲಿಟ್ಟುಕೊಂಡೆ. ಅಂಗಡಿಯಿಂದ ಅಂಗಡಿಗೆ ಹೋಗಿ ಚೀಟಿ ಚಾಚುವುದು, ಅವರು ದರ ಹೇಳಿದಾಗ ಎಲ್ಲ ಗೊತ್ತಿರುವವನಂತೆ ತಲೆಯಾಡಿಸುವುದು. ನಾಲ್ಕನೇ ಅಂಗಡಿಯವನು ಏನೋ ಒಂದು ಚಿಪ್ಪಿನ ಹೆಸರು ಹೇಳಿ, ಅದು ನಡೆಯುತ್ತದಾ ಎಂದು ಕೇಳಿದ. "ನಡೆಯುತ್ತದೆ, ಆದರೆ ಫ್ರೆಶ್ ಇರಬೇಕು" ಎಂದುಬಿಟ್ಟೆ. ಅವನು ನನ್ನ ಮುಖ ನೋಡಿ ದರವನ್ನು 500 ರೂಪಾಯಿ ಏರಿಸಿದ.

ಐದನೇ ಅಂಗಡಿಯಲ್ಲಿ ಹೆಂಡತಿ ಮುಂದೆ ಬಂದಳು. ಚೀಟಿ ಕಸಿದುಕೊಂಡು ತನ್ನ ಹಿಂದಿಯಲ್ಲಿ ಒಂದೊಂದಾಗಿ ಕೇಳತೊಡಗಿದಳು. ಈ 64 ಎಂದರೆ ತೂಕವೋ ಅಳತೆಯೋ? 8.4 ಯಾಕೆ ಕಮ್ಮಿ, 64 ಯಾಕೆ ಜಾಸ್ತಿ? ಅಂಗಡಿಯ ಹುಡುಗ ಒಳ್ಳೆಯವನು. ಹಾರ್ಡ್ ಡಿಸ್ಕ್ ಕಪಾಟಿದ್ದಂತೆ, ಅಲ್ಲಿಟ್ಟದ್ದು ಅಲ್ಲೇ ಇರುತ್ತದೆ; ರ‍್ಯಾಮ್ ಎಂದರೆ ಕೆಲಸ ಮಾಡುವ ಮೇಜು, ಕರೆಂಟ್ ಹೋದರೆ ಮೇಜಿನ ಮೇಲಿನದೆಲ್ಲ ಖಾಲಿ ಎಂದು ತಿಳಿಸಿದ. ಒಂದು ಎಂಬಿಯಲ್ಲಿ, ಇನ್ನೊಂದು ಜಿಬಿಯಲ್ಲಿ. ಒಂದು ಜಿಬಿ ಎಂದರೆ ಸುಮಾರು ಸಾವಿರ ಎಂಬಿ.

"ಅಂದ್ರ ಒಂದು ಒಲಿಕಟ್ಟಿ, ಒಂದು ಹಗೇವು" ಎಂದಳು ನನ್ನ ಕಡೆ ತಿರುಗಿ. "ಕಟ್ಟಿ ದೊಡ್ಡದಿದ್ರ ಒಮ್ಮೆಗೆ ನಾಕು ಅಡಗಿ ಇಡಬಹುದು. ಹಗೇವು ದೊಡ್ಡದಿದ್ರ ಕಾಳು ಭಾಳ ಹಿಡಿತಾವ. ಇಷ್ಟು ತಿಳಿಯೂದಕ್ಕ ನಾಕು ಅಂಗಡಿ ತಿರುಗಿಸಿದ್ರಿ?"

ಅಂದಿನಿಂದ ಇಂದಿನವರೆಗೆ ರ‍್ಯಾಮನ್ನು ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ವಿವರಿಸಿಲ್ಲ. 38,500ಕ್ಕೆ ವ್ಯವಹಾರ ಮುಗಿಯಿತು.

ಡೊಂಬಿವಲಿಗೆ ತಂದುಕೊಡಲು 600 ರೂಪಾಯಿ ಬೇರೆ ಕೇಳಿದರು. ಹೆಂಡತಿ ಒಪ್ಪಲಿಲ್ಲ. ಟ್ಯಾಕ್ಸಿಯಲ್ಲಿ ವಿ.ಟಿ.ಗೆ ಬಂದು ಲೋಕಲ್ಲಿನ ಲಗೇಜ್ ಡಬ್ಬಿ ಹತ್ತಿದೆವು. ನನ್ನ ತೊಡೆಯ ಮೇಲೆ ಮಾನಿಟರಿನ ಡಬ್ಬ, ಹೆಂಡತಿಯ ತೊಡೆಯ ಮೇಲೆ ಕ್ಯಾಬಿನೆಟ್, ಮಗನ ಕೊರಳಲ್ಲಿ ವಯರುಗಳ ಚೀಲ. ಎದುರಿಗೆ ಖಾಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಮೀನು ಮಾರುವ ಬಾಯಿ, "ನವಾ ಟಿವ್ಹಿ ಕಾ?" ಎಂದು ಕೇಳಿದಳು. ಟಿವಿ ಅಲ್ಲ, ಕಂಪ್ಯೂಟರ್ ಎಂದೆ. ಇದರಲ್ಲಿ ಸೀರಿಯಲ್ ಬರುತ್ತವೆಯೇ ಎಂದಳು. ಇಲ್ಲ ಎಂದೆ. ಹಾಡು? ಸಿಡಿ ಹಾಕಿದರೆ ಬರುತ್ತವೆ. ಬೆಲೆ? ಹೇಳಿದೆ. ಆಕೆ ಆಮೇಲೆ ಏನನ್ನೂ ಕೇಳಲಿಲ್ಲ. ಠಾಣೆಯವರೆಗೂ ನಮ್ಮನ್ನು, ಸಂತೆಯಲ್ಲಿ ಮೋಸಹೋದವರನ್ನು ನೋಡುವ ಹಾಗೆ ಕನಿಕರದಿಂದ ನೋಡುತ್ತ ಕುಳಿತಿದ್ದಳು.

ಮನೆಯಲ್ಲಿ ಲಕ್ಷ್ಮೀಪೂಜೆಯ ಜೊತೆಗೆ ಅದಕ್ಕೂ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಸ್ವಿಚ್ಚು ಒತ್ತಿದೆವು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಿಳಿ ಅಕ್ಷರಗಳು ಮೂಡಿದವು. ಮಗ ಓದಿ ಅರ್ಥ ಹೇಳಿದ: "ಕೀಬೋರ್ಡ್ ಇಲ್ಲವಂತೆ. ಮುಂದೆ ಹೋಗಬೇಕಾದರೆ ಕೀಬೋರ್ಡಿನಲ್ಲಿ ಎಫ್ 1 ಒತ್ತಬೇಕಂತೆ."

"ಇಲ್ಲ ಅಂತದ, ಮತ್ತ ಒತ್ತು ಅಂತದ?" ಎಂದಳು ಹೆಂಡತಿ. "ನಿಮ್ಮ ಆಫೀಸಿನವರ ಕೈಯಾಗ ತಯಾರಾಗಿರಬೇಕು."

ತಪ್ಪು ನನ್ನದೇ. ಕೀಬೋರ್ಡಿನ ತೂತು, ಮೌಸಿನ ತೂತು ಒಂದೇ ಆಕಾರದವು. ಅದರದು ಇದಕ್ಕೆ, ಇದರದು ಅದಕ್ಕೆ ಸಿಕ್ಕಿಸಿದ್ದೆ.

ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಹೆಂಡತಿ ಹೊಲಿಗೆಯ ಟೇಪು ತಂದಳು. ಊರಿನ ಸಂತೆಯಿಂದ ಹಿಡಿದು ಡೊಂಬಿವಲಿಯ ಭಾಜಿ ಮಾರ್ಕೆಟ್ಟಿನವರೆಗೆ ಅವಳನ್ನು ತೂಕದಲ್ಲಿ ಯಾರೂ ಮೋಸ ಮಾಡಿಲ್ಲ. ಪರದೆಯನ್ನು ಅಡ್ಡಲಾಗಿ ಅಳೆದಳು. 11 ಇಂಚು! "15 ಅಂತ ರೊಕ್ಕಾ ತಗೊಂಡಾನ್ರಿ!" ಮಗ ಮೂಲೆಯಿಂದ ಮೂಲೆಗೆ ಅಳೆಯಬೇಕು ಎಂದ. ಹಾಗೂ ಅಳೆದೆವು. 14ಕ್ಕೂ ಸ್ವಲ್ಪ ಕಮ್ಮಿ. ಅಷ್ಟರಲ್ಲಿ ಮಗ ಇನ್ನೊಂದು ಶೋಧ ಮಾಡಿದ. ವಿಂಡೋಸಿನಲ್ಲಿ ನೋಡಿದರೆ ಹಾರ್ಡ್ ಡಿಸ್ಕ್ 8.4 ಅಲ್ಲ, ಬರೀ 7.8 ಜಿಬಿ. ಪರದೆಯಲ್ಲಿ ಒಂದಿಂಚು, ಹಗೇವಿನಲ್ಲಿ ಅರ್ಧ ಜಿಬಿಗೂ ಹೆಚ್ಚು ನುಂಗಿದ್ದಾರೆ ಎಂದಾಯಿತು.

ಮುಂದಿನ ಶನಿವಾರ ಮತ್ತೆ ಲ್ಯಾಮಿಂಗ್ಟನ್ ರೋಡು. ಹೆಂಡತಿ ಟೇಪು ಸಮೇತ ಬಂದಳು. ಅದೇ ಹುಡುಗ ನಗುತ್ತ ಒಂದು ಡಬ್ಬ ತೆಗೆದು ತೋರಿಸಿದ. ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಬರೆದಿತ್ತು: ಕಣ್ಣಿಗೆ ಕಾಣುವ ಭಾಗ 13.8 ಇಂಚು. 15 ಎನ್ನುವುದು ಒಳಗಿನ ಗಾಜಿನ ಟ್ಯೂಬಿನ ಅಳತೆ. ಅದರ ಅಂಚು ಪ್ಲಾಸ್ಟಿಕ್ ಚೌಕಟ್ಟಿನ ಹಿಂದೆ ಅಡಗಿರುತ್ತದೆ. ಹಾರ್ಡ್ ಡಿಸ್ಕಿನ ಲೆಕ್ಕ ಇನ್ನೂ ಮಜವಾಗಿತ್ತು. ತಯಾರಿಸುವ ಕಂಪನಿಗೆ ಒಂದು ಜಿಬಿ ಎಂದರೆ ಸರಿಯಾಗಿ 100 ಕೋಟಿ ಬೈಟು. ವಿಂಡೋಸ್ ಸಾವಿರದ ಬದಲು 1024ರಿಂದ ಗುಣಿಸುತ್ತ ಹೋಗುವುದರಿಂದ ಅದರ ಜಿಬಿ 107 ಕೋಟಿ ದಾಟುತ್ತದೆ. ಡಬ್ಬದೊಳಗಿನ ಕಾಳು ಅಷ್ಟೇ, 840 ಕೋಟಿ ಬೈಟು. ಅಳೆಯುವ ಸೇರು ಮಾತ್ರ ಬೇರೆ.

"ತೆಂಗಿನಕಾಯಿ ಸಿಪ್ಪಿ ಸಮೇತ ತೂಗಿ ಮಾರಿದಂಗಾತು" ಎಂದಳು ಹೆಂಡತಿ. ಅದನ್ನು ಹಿಂದಿಯಲ್ಲೂ ಹೇಳಿದಳು. ಹುಡುಗ ಸೋತು ಒಂದು ಮೌಸ್ ಪ್ಯಾಡು, ಕಂಪ್ಯೂಟರಿಗೆ ಹೊದಿಸುವ ಪ್ಲಾಸ್ಟಿಕ್ ಕವರು ಪುಕ್ಕಟೆ ಕೊಟ್ಟ. ಕಮ್ಮಿಯಾದ ಒಂದಿಂಚಿಗೆ ಅದು ಪರಿಹಾರ.

ವಾರ ಕಳೆಯಿತು. ಒಂದು ರಾತ್ರಿ ಮಗ ಏನೋ ಆಡುತ್ತಿದ್ದಾಗ ಪರದೆಯ ನಡುವೆ ಬೂದು ಚೌಕ ಬಂದು, ಈ ಪ್ರೋಗ್ರಾಮು ಇಲ್ಲೀಗಲ್ ಕೆಲಸ ಮಾಡಿದೆ, ಆದ್ದರಿಂದ ಮುಚ್ಚಲಾಗುವುದು ಎಂದು ಘೋಷಿಸಿತು. ನನ್ನ ಎದೆ ಧಸಕ್ಕೆಂದಿತು. ಯಾಕೆಂದರೆ ವಿಂಡೋಸಿನ ಸಿಡಿಯ ಮೇಲೆ ಕಂಪನಿಯ ಹೆಸರು ಅಚ್ಚಾಗಿರಲಿಲ್ಲ, ಸ್ಕೆಚ್ ಪೆನ್ನಿನಲ್ಲಿ ಕೈಯಿಂದ ಬರೆದಿತ್ತು. "ಸಾಫ್ಟ್‌ವೇರ್ ಫ್ರೀ" ಎಂದು ಅಂಗಡಿಯವನು ಅಂದಾಗ ನಾನು ಉದಾರಿ ಎಂದುಕೊಂಡಿದ್ದೆ. ಆ ರಾತ್ರಿ ಕವರು ಹೊದಿಸಿ, ವಯರು ಕಿತ್ತು ಮಲಗಿದೆ. ಬೆಳಿಗ್ಗೆ ಇಡಿಪಿಯ ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕ. ಪ್ರೋಗ್ರಾಮು ತನಗೆ ಸಂಬಂಧವಿಲ್ಲದ ಕಡೆ ಕೈಹಾಕಿದರೆ ವಿಂಡೋಸ್ 98 ಹಾಗೆ ಬೈಯುತ್ತದಂತೆ, ಪೊಲೀಸರಿಗೂ ಅದಕ್ಕೂ ಸಂಬಂಧವಿಲ್ಲ. ಸಿಡಿಯ ಬಗ್ಗೆ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಜನವರಿ ಒಂದು ಬಂತು. ಕಾಕಾ ಬೆಳಿಗ್ಗೆ ಏಳಕ್ಕೇ ಸಂತಾಪ ಸೂಚಿಸುವ ಮುಖ ಹೊತ್ತು ಬಂದರು. ಕಂಪ್ಯೂಟರು 2000 ಎಂದೇ ತೋರಿಸಿತು. ಅವರಿಗೆ ತುಸು ನಿರಾಸೆಯಾಯಿತು. ಚಹಾ ಕುಡಿದು ಹೋದರು.

ಅದೇ ತಿಂಗಳು ಆ ಗೆಳೆಯ "ಬರಹ" ತಂದುಕೊಟ್ಟ. ಶೇಷಾದ್ರಿವಾಸು ಅವರು 1998ರಲ್ಲಿ ಸಿದ್ಧಪಡಿಸಿ ಉಚಿತವಾಗಿ ಹಂಚಿದ ತಂತ್ರಾಂಶ. ಇದು ಮಾತ್ರ ನಿಜಕ್ಕೂ ಫ್ರೀ! ಇಂಗ್ಲಿಷ್ ಕೀಲಿಗಳಲ್ಲೇ ಉಚ್ಚಾರದಂತೆ ಒತ್ತಿದರೆ ಕನ್ನಡ ಅಕ್ಷರ ಬರುತ್ತದೆ. ಮಗ "ಅಜ್ಜಿ" ಎಂದು ಒತ್ತಿದ. ಪರದೆಯ ಮೇಲೆ ಅಜ್ಜಿ ಮೂಡಿದಳು. ಅವನು ತಿರುಗಿ, "ಪಪ್ಪಾ, ಅಜ್ಜಿ ಹಿಂಗಿರ್ತಾಳೇನು?" ಎಂದು ಕೇಳಿದ. ಹನ್ನೆರಡು ವರ್ಷದ ಹುಡುಗ, ತನ್ನ ಬಾಯಲ್ಲಿ ದಿನವೂ ಬರುವ ಮಾತನ್ನು ಮೊದಲ ಸಲ ಕಣ್ಣಿಂದ ನೋಡುತ್ತಿದ್ದ. ನನಗೆ ಸಾಲದ ಕಂತು ಆ ಕ್ಷಣಕ್ಕೆ ಮರೆತುಹೋಯಿತು. ತುಸು ನಾಚಿಕೆಯೂ ಆಯಿತು. ಇದನ್ನು ನಾನೇ ಒಂದು ಪಾಟಿ, ಬಳಪ ಹಿಡಿದು ಎಂದೋ ತೋರಿಸಬಹುದಾಗಿತ್ತಲ್ಲ.

ಎರಡು ಸಂಜೆ ಕೂತು ಅವನೇ ಪತ್ರ ಒತ್ತಿದ. ಪ್ರಿಂಟರ್ ಇರಲಿಲ್ಲ. ಫ್ಲಾಪಿಯಲ್ಲಿ ಹಾಕಿಕೊಂಡು ಸ್ಟೇಷನ್ನಿನ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋದರೆ, ಹೊರಬಂದ ಹಾಳೆಯ ತುಂಬ ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದಂಥವು. ಆ ಫಾಂಟು ಇಲ್ಲದ ಕಂಪ್ಯೂಟರಿಗೆ ಹೋದರೆ ಕನ್ನಡದ ವೇಷ ಕಳಚಿಬೀಳುತ್ತಿತ್ತು. ಅಂಗಡಿಯವನು, "ಯಾವ ಭಾಷೆ ಇದು?" ಎಂದು ಕೇಳಿ ಎರಡು ರೂಪಾಯಿ ತಗೊಂಡ.

ಮಗ ಸಪ್ಪಗಾದ. ಆಮೇಲೆ ತಾನೇ ಒಂದು ಇನ್‌ಲ್ಯಾಂಡ್ ಪತ್ರ ತಂದು ಪರದೆಯ ಮುಂದೆ ಕುಳಿತ. ಒಂದೊಂದೇ ಅಕ್ಷರ ನೋಡಿ, ಚಿತ್ರ ಬಿಡಿಸುವ ಹಾಗೆ ಪೆನ್ನಿನಲ್ಲಿ ನಕಲು ಮಾಡತೊಡಗಿದ. ಕೆಲವು ಅಕ್ಷರ ಕುಂಬಳಕಾಯಿಯಷ್ಟಾದವು, ಕೆಲವು ಸಾಸಿವೆಯಷ್ಟು. ನಡುವೆ ಒಮ್ಮೆ ಕರೆಂಟು ಹೋಯಿತು. ಪತ್ರ ಹಗೇವಿನಲ್ಲಿ ಭದ್ರವಾಗಿತ್ತು. ನಾಲ್ಕು ಸಾಲಿಗೆ ಒಂದಿಡೀ ಭಾನುವಾರ ಹಿಡಿಯಿತು. ಅದರಲ್ಲಿ ಎರಡು ಸಾಲು ಹೀಗಿದ್ದವು:

"ಅಜ್ಜಿ, ಈ ವರ್ಷ ಬೆಲೆ ಚಲೋ ಇದೆಯಾ? ನಾವು ರಜೆಗೆ ಹಲ್ಲಿಗೆ ಬರುತ್ತೇವೆ."

ಬರಹದಲ್ಲಿ ಸಣ್ಣ ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ಅವನಿಗೆ ಶಿಫ್ಟು ಮರೆತಿತ್ತು. ಹಾಗಾಗಿ ಬೆಳೆ ಹೋಗಿ ಬೆಲೆಯಾಗಿತ್ತು, ಹಳ್ಳಿ ಹೋಗಿ ಹಲ್ಲಿಯಾಗಿತ್ತು. ತಿದ್ದಲೇ ಎಂದುಕೊಂಡೆ. ಹೆಂಡತಿ ನನ್ನ ಕೈಯಿಂದ ಪತ್ರ ತೆಗೆದುಕೊಂಡು, "ಹಂಗ ಇರಲಿ ಬಿಡ್ರಿ, ಅತ್ತಿಯವರಿಗೆ ಗೊತ್ತಾಗತದ" ಎಂದು ತಾನೇ ಅಂಟಿಸಿದಳು.

ಹದಿನೈದು ದಿನಕ್ಕೆ ಉತ್ತರ ಬಂತು. ಮೊದಲ ಬಾರಿಗೆ ವಿಳಾಸದಲ್ಲಿ ನನ್ನ ಹೆಸರಿರಲಿಲ್ಲ, ಮಗನ ಹೆಸರಿತ್ತು. ನಾಲ್ಕನೇ ಇಯತ್ತೆಯವರೆಗೆ ಓದಿದ ಅವ್ವನ ದುಂಡು ಅಕ್ಷರ. ನಾನು ಓದಿ ಹೇಳಿದೆ:

"ಹಲ್ಲಿ ಗ್ವಾಡಿ ಮ್ಯಾಲೆ ಆರಾಮ ಐತಿ. ನೀ ಹಳ್ಳಿಗೆ ಬಾ. ಮೆಣಸಿನಕಾಯಿ ಬೆಳಿ ಛಲೋ ಬಂದೈತಿ, ಬೆಲಿನ ಇಲ್ಲ."

ಮಗ ನಕ್ಕ. ಆಮೇಲೆ ಕೇಳಿದ: "ಬೆಳೆ ಛಲೋ ಬಂದ್ರ ಬೆಲೆ ಯಾಕಿಲ್ಲ ಪಪ್ಪಾ?"

ನಾನು ಏನೇನೋ ಹೇಳಿದೆ. ಎಲ್ಲರದೂ ಒಟ್ಟಿಗೆ ಮಾರುಕಟ್ಟೆಗೆ ಬಂದರೆ ದರ ಬೀಳುತ್ತದೆ, ದಲಾಲಿ, ಲಾರಿ ಬಾಡಿಗೆ ಇತ್ಯಾದಿ. ಊರು ಬಿಟ್ಟು ಹದಿನೆಂಟು ವರ್ಷವಾದವನ ಉತ್ತರ ಅವನಿಗೆ ಸಾಲಲಿಲ್ಲ. ಮತ್ತೆ ಕಂಪ್ಯೂಟರಿನ ಮುಂದೆ ಕುಳಿತ, ಅಜ್ಜಿಯನ್ನೇ ಕೇಳಲು.

ಸಾಲ ತೀರಿದ್ದು ಮೂರು ವರ್ಷಕ್ಕೆ. ಅಷ್ಟರಲ್ಲಿ ಆ ಕಂಪ್ಯೂಟರು ಹಳೆಯ ಮಾದರಿಯಾಗಿತ್ತು. ಕೊನೆಗೆ ಭಂಗಾರವಾಲಾ 300 ರೂಪಾಯಿ ಕೊಟ್ಟು ಒಯ್ದ. ತೂಕ ಮಾಡುವಾಗ ಹೆಂಡತಿ ತಕ್ಕಡಿಯ ಪಕ್ಕದಲ್ಲೇ ನಿಂತಿದ್ದಳು. ಆದರೆ ಆ ಸಂಜೆ, ಎರಡನೇ ಪತ್ರ ಒತ್ತುವಾಗ, ಮಗ ಶಿಫ್ಟನ್ನು ಮರೆಯಲಿಲ್ಲ. "ಬೆಳೆ" ಎಂಬಲ್ಲಿ ಎಡಗೈ ಕಿರುಬೆರಳನ್ನು ಕೀಲಿಯ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದಿದ್ದ.