ಕಾಶಿಯಲ್ಲಿ ಮಲಗಿದ್ದ ಯುದ್ಧವಿಮಾನ

ಮಕ್ಕಳೇ, ಒಂದೇ ನಮೂನೆಯ 14 ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ಕಟ್ಟಿದ್ದರು. ಅವುಗಳಲ್ಲಿ ಒಂದು ಮಾತ್ರ ಎಲ್ಲೋ ದೂರದ ಊರಿನಲ್ಲಿ, ಬಿಸಿಲು ಮಳೆಯಲ್ಲಿ, ಬಣ್ಣಗೆಟ್ಟು ನಿಂತಿದೆ. ಅದು ಯಾವ ವಿಮಾನ, ಎಲ್ಲಿ ಹುಟ್ಟಿತು, ಯಾರು ಹಾರಿಸಿದರು ಎಂದು ಅರ್ಧ ಶತಮಾನದ ನಂತರ ಹೇಳಲು ಸಾಧ್ಯವೇ? ಸಾಧ್ಯ. ಕಾಶಿಯಲ್ಲಿದ್ದ ಒಂದು ಹರಿಕೇನ್ ವಿಮಾನವೇ ಇದಕ್ಕೆ ಸಾಕ್ಷಿ.

ಹರಿಕೇನ್ ಬ್ರಿಟನ್ನಿನ ಯುದ್ಧವಿಮಾನ. ಸಿಡ್ನಿ ಕ್ಯಾಮ್ ಎಂಬ ಎಂಜಿನಿಯರ್ ಇದರ ವಿನ್ಯಾಸ ಮಾಡಿದವರು. ಮೊದಲು ಹಾರಿದ್ದು 1935ರ ನವೆಂಬರ್‌ನಲ್ಲಿ. ಒಬ್ಬನೇ ಪೈಲಟ್, ರೋಲ್ಸ್ ರಾಯ್ಸ್ ಎಂಜಿನ್, ರೆಕ್ಕೆಗಳಲ್ಲಿ ಎಂಟು ಮಷಿನ್‌ಗನ್. ಹಿಂಭಾಗದಲ್ಲಿ ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಮರದ ಪಟ್ಟಿ, ಮೇಲೆ ಬಿಗಿದ ಬಟ್ಟೆ! 1940ರ ಬೇಸಿಗೆಯಲ್ಲಿ ಹಿಟ್ಲರನ ಬಾಂಬರ್‌ಗಳು ಬ್ರಿಟನ್ ಮೇಲೆ ಬಂದಾಗ ಹೆಸರು ಬಂದದ್ದು ಸ್ಪಿಟ್‌ಫೈರ್‌ಗೆ. ಆದರೆ ಹೆಚ್ಚು ಶತ್ರುವಿಮಾನಗಳನ್ನು ಬೀಳಿಸಿದ್ದು ಹರಿಕೇನ್‌ಗಳು.

ಲಂಡನ್‌ನಿಂದ ಕಾಶಿಗೆ

ನಮ್ಮ ಕಥೆಯ ವಿಮಾನದ ನಂಬರು ಆರ್ 4118. ಗ್ಲಾಸ್ಟರ್ ಕಂಪನಿಯ ಕಾರ್ಖಾನೆಯಿಂದ ಹೊರಬಂದು 1940ರ ಆಗಸ್ಟ್‌ನಲ್ಲಿ ರಾಯಲ್ ಏರ್‌ಫೋರ್ಸ್‌ನ 605ನೇ ಸ್ಕ್ವಾಡ್ರನ್ ಸೇರಿತು. ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್ ನಿಲ್ದಾಣದಿಂದ 49 ಬಾರಿ ಯುದ್ಧಕ್ಕೆ ಏರಿತು. ಐದು ಶತ್ರುವಿಮಾನಗಳನ್ನು ಉರುಳಿಸಿದ ಲೆಕ್ಕ ಇದರ ಹೆಸರಿನಲ್ಲಿದೆ. ಅಕ್ಟೋಬರ್‌ನಲ್ಲಿ ತಾನೂ ಪೆಟ್ಟು ತಿಂದು ರಿಪೇರಿಗೆ ಹೋಯಿತು.

ಯುದ್ಧವಿಮಾನಗಳಿಗೆ ವಯಸ್ಸು ಬೇಗ ಬರುತ್ತದೆ. ಹೊಸ ಮಾದರಿಗಳು ಬಂದ ಮೇಲೆ ಇದು ಹೊಸ ಪೈಲಟ್‌ಗಳ ತರಬೇತಿಗೆ ಇಳಿಯಿತು. 1943ರ ಕೊನೆಯಲ್ಲಿ ಪೆಟ್ಟಿಗೆಯೊಳಗೆ ಸೇರಿ ಹಡಗಿನಲ್ಲಿ ಭಾರತಕ್ಕೆ ಹೊರಟಿತು. ಆಗ ಇಲ್ಲಿಯೂ ಹರಿಕೇನ್‌ಗಳಿದ್ದವು. 1944ರಲ್ಲಿ ಇಂಫಾಲದ ಮೇಲೆ ಜಪಾನೀಯರು ಬಂದಾಗ ನಮ್ಮ ಒಂದನೇ ಸ್ಕ್ವಾಡ್ರನ್ ಹಾರಿಸಿದ್ದು ಹರಿಕೇನ್‌ಗಳನ್ನೇ. ಅದರ ನಾಯಕರು ಅರ್ಜನ್ ಸಿಂಗ್. ಮುಂದೆ ಭಾರತೀಯ ವಾಯುಪಡೆಯ ಮಾರ್ಷಲ್ ಆದವರು.

ಯುದ್ಧ ಮುಗಿದ ಮೇಲೆ ಬೇಡವಾದ ವಿಮಾನಗಳು ರಾಶಿ ರಾಶಿ ಉಳಿದವು. ಬಹಳಷ್ಟನ್ನು ಒಡೆದು ಗುಜರಿಗೆ ಹಾಕಿದರು. ಕೆಲವನ್ನು ಎಂಜಿನಿಯರಿಂಗ್ ಕಾಲೇಜುಗಳಿಗೆ ಪಾಠಕ್ಕೆಂದು ಕೊಟ್ಟರು. ಆರ್ 4118ರ ಅದೃಷ್ಟ ಚೆನ್ನಾಗಿತ್ತು. 1947ರಲ್ಲಿ ಅದು ಬನಾರಸ್ ಹಿಂದೂ ವಿಶ್ವವಿದ್ಯಾಲಯ ಸೇರಿತು.

1982ರಲ್ಲಿ ಪೀಟರ್ ವ್ಯಾಚರ್ ಎಂಬ ಇಂಗ್ಲಿಷ್ ಗೃಹಸ್ಥರು ಭಾರತಕ್ಕೆ ಬಂದರು. ಅವರು ಹುಡುಕುತ್ತಿದ್ದುದು ನಮ್ಮ ಮಹಾರಾಜರುಗಳ ಹಳೆಯ ರೋಲ್ಸ್ ರಾಯ್ಸ್ ಕಾರುಗಳನ್ನು. ಕಣ್ಣಿಗೆ ಬಿದ್ದದ್ದು ಬಯಲಿನಲ್ಲಿ ನಿಂತ ಹರಿಕೇನ್!

ಮಾತನಾಡಿದ ಲೆಡ್ಜರುಗಳು

ಈಗ ಗುರುತು ಹಿಡಿಯುವ ವಿಷಯಕ್ಕೆ ಬರೋಣ. ಬ್ಯಾಂಕಿನಲ್ಲಿ ಬಾಳೆಲ್ಲ ಲೆಡ್ಜರ್ ಬರೆದ ನನಗೆ ಇದು ತುಂಬ ಹಿಡಿಸಿದ ಭಾಗ.

ಹಿಂದೆ ಬ್ಯಾಂಕಿನಲ್ಲಿ ಹಣ ತೆಗೆಯಲು ಹೋದರೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದೆವು. ಅಜ್ಜ ಅಜ್ಜಿಯರಿಗೆ ನೆನಪಿರುತ್ತದೆ. ಟೋಕನ್ ನಂಬರು ದಿನಕ್ಕೊಂದು, ಖಾತೆಯ ನಂಬರು ಮಾತ್ರ ಒಂದೇ. ವಿಮಾನಕ್ಕೂ ಹಾಗೆಯೇ. ಪಕ್ಕೆಯ ಮೇಲೆ ದೊಡ್ಡದಾಗಿ ಬರೆಯುವ ಅಕ್ಷರಗಳು ಸ್ಕ್ವಾಡ್ರನ್ನಿನವು. 605ನೇ ಸ್ಕ್ವಾಡ್ರನ್‌ನಲ್ಲಿ ಈ ವಿಮಾನ 'ಯುಪಿ-ಡಬ್ಲ್ಯು' ಆಗಿತ್ತು. ಬೇರೆ ಸ್ಕ್ವಾಡ್ರನ್‌ಗೆ ಹೋದರೆ ಬೇರೆ ಅಕ್ಷರ. ಆದರೆ ಬಾಲದ ಹತ್ತಿರ ಸಣ್ಣದಾಗಿ ಬರೆಯುವ ಸೀರಿಯಲ್ ನಂಬರು ವಾಯುಪಡೆ ಬಿಡುವವರೆಗೂ ಬದಲಾಗದು. ಬಣ್ಣ ಅಳಿಸಿದರೂ ಒಳಗಿನ ಫಲಕಗಳಲ್ಲಿ, ಬಿಡಿಭಾಗಗಳ ಮೇಲಿನ ಮುದ್ರೆಗಳಲ್ಲಿ ಗುರುತು ಉಳಿಯುತ್ತದೆ.

ನಂಬರು ಸಿಕ್ಕಿದರೆ ಸಾಲದು, ಅದರ ಮುಂದೆ ಬರೆದ ಲೆಕ್ಕವೂ ಬೇಕು. ರಾಯಲ್ ಏರ್‌ಫೋರ್ಸ್‌ನಲ್ಲಿ ಪ್ರತಿ ವಿಮಾನಕ್ಕೂ 'ಫಾರಂ 78' ಎಂಬ ಕಾರ್ಡ್ ಇತ್ತು. ಯಾವ ದಿನ ಎಲ್ಲಿಗೆ ಹೋಯಿತು, ಯಾವಾಗ ಪೆಟ್ಟಾಯಿತು, ಯಾವಾಗ ಲೆಕ್ಕದಿಂದ ತೆಗೆದರು ಎಂಬುದೆಲ್ಲ ಅದರಲ್ಲಿ. ಸ್ಕ್ವಾಡ್ರನ್ನಿನ ದಿನಚರಿ ಪುಸ್ತಕದಲ್ಲಿ ಯಾವ ಪೈಲಟ್ ಯಾವ ವಿಮಾನದಲ್ಲಿ ಎಷ್ಟು ಗಂಟೆಗೆ ಏರಿದ, ಎಷ್ಟಕ್ಕೆ ಇಳಿದ ಎಂಬ ವಿವರ. ಪೈಲಟ್‌ನ ಸ್ವಂತ ಲಾಗ್‌ಬುಕ್ ಇನ್ನೊಂದು. ಮೂರು ಕಡೆ ಬೇರೆ ಬೇರೆ ಕೈಗಳು ಬರೆದ ಲೆಕ್ಕ ತಾಳೆಯಾದರೆ ಸಂಶಯಕ್ಕೆ ಎಡೆ ಇಲ್ಲ.

ಯೋಚಿಸಿ ನೋಡಿ. ತಲೆಯ ಮೇಲೆ ಬಾಂಬು ಬೀಳುತ್ತಿದ್ದ ದಿನಗಳಲ್ಲೂ ಯಾರೋ ಗುಮಾಸ್ತರು ಕೂತು ಇದನ್ನು ತಪ್ಪದೆ ಬರೆದರು. ಅವರ ಹೆಸರು ಯಾವ ಫಲಕದಲ್ಲೂ ಇಲ್ಲ. ಅವರು ಬರೆಯದಿದ್ದರೆ ಕಾಶಿಯ ಹರಿಕೇನ್ ತೂಕಕ್ಕೆ ಮಾರುವ ಲೋಹವಾಗಿಯೇ ಉಳಿಯುತ್ತಿತ್ತು.

ಮತ್ತೆ ಆಕಾಶಕ್ಕೆ

ವರ್ಷಗಟ್ಟಲೆ ಮಾತುಕತೆ ನಡೆದು 2001ರಲ್ಲಿ ವಿಮಾನ ಇಂಗ್ಲೆಂಡಿಗೆ ಮರಳಿತು. ಅಲ್ಲಿ ಹಾಕರ್ ರೆಸ್ಟೊರೇಷನ್ಸ್ ಸಂಸ್ಥೆಯವರು ಅದನ್ನು ಪೂರ್ತಿ ಬಿಚ್ಚಿ, ತಪಾಸಣೆ ಮಾಡಿ, ಮತ್ತೆ ಕಟ್ಟಿದರು.

'ಹೊಸ ಮರ, ಹೊಸ ಬಟ್ಟೆ ಹಾಕಿದ ಮೇಲೆ ಅದೇ ವಿಮಾನ ಹೇಗಾಯಿತು?' ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಅಜ್ಜನ ಮನೆಗೆ ಹೆಂಚು ಬದಲಿಸಿದರೆ ಮನೆ ಬೇರೆಯಾಗದು. ಕಂಬ, ತೊಲೆ, ಗೋಡೆ ಎಲ್ಲ ತೆಗೆದು ಬಾಗಿಲ ಮೇಲಿನ ಹೆಸರಿನ ಹಲಗೆ ಮಾತ್ರ ಉಳಿಸಿದರೆ? ಆಗ ಅನುಮಾನ ಬರುತ್ತದೆ. ಯುದ್ಧ ಕಂಡ ವಿಮಾನಕ್ಕೆ ಬೆಲೆ ಬಹಳ. ಆದ್ದರಿಂದ ಹಳೆಯ ಫಲಕ ಒಂದನ್ನೇ ನೋಡಿ ತಿಳಿದವರು ಒಪ್ಪುವುದಿಲ್ಲ. ಭಾಗ ಭಾಗದ ಮುದ್ರೆ ನೋಡುತ್ತಾರೆ, ಎಲ್ಲಿಂದ ಯಾರ ಕೈಗೆ ಬಂತು ಎಂಬ ಸರಪಳಿ ಕೇಳುತ್ತಾರೆ. ಆರ್ 4118ಕ್ಕೆ ಆ ಸರಪಳಿ ಕಾರ್ಖಾನೆಯಿಂದ ಕಾಶಿಯವರೆಗೂ ಇತ್ತು.

2004ರ ಡಿಸೆಂಬರ್‌ನಲ್ಲಿ ಅದು ಮತ್ತೆ ಹಾರಿತು. 1940ರಲ್ಲಿ ಇದೇ ವಿಮಾನ ಹಾರಿಸಿದ್ದ ಬಾಬ್ ಫಾಸ್ಟರ್ ಇನ್ನೂ ಬದುಕಿದ್ದರು. ಯೌವನದ ಗೆಳೆಯನನ್ನು ಮುಪ್ಪಿನಲ್ಲಿ ಮತ್ತೆ ಕಂಡರು.

ಇಂಥ ಕೆಲಸದಲ್ಲಿ ನಮ್ಮ ಬೆಂಗಳೂರೂ ಹಿಂದೆ ಬಿದ್ದಿಲ್ಲ. ಯುದ್ಧಾನಂತರ ಕಾನ್ಪುರದಲ್ಲಿ ಬೇಕೆಂದೇ ಹಾಳುಗೆಡವಿ ಬಿಟ್ಟುಹೋದ ಲಿಬರೇಟರ್ ಬಾಂಬರ್‌ಗಳನ್ನು ಎಚ್‌ಎಎಲ್ ಸಿಬ್ಬಂದಿ ಹಾರುವಷ್ಟು ರಿಪೇರಿ ಮಾಡಿ ಬೆಂಗಳೂರಿಗೆ ತಂದರು. ಸುಮಾರು 40 ವಿಮಾನಗಳು ಜೀವ ಪಡೆದವು. ವಾಯುಪಡೆ ಅವನ್ನು 1968ರವರೆಗೆ ಬಳಸಿತು. ಅವುಗಳಲ್ಲೊಂದು ಇಂದು ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನಲ್ಲಿದೆ. ಅಲ್ಲಿ ಅದರ ಹೆಸರು ಕೆಎನ್ 751, ನಮ್ಮಲ್ಲಿ ಎಚ್‌ಇ 807. ತವರಿನದೊಂದು ಹೆಸರು, ಗಂಡನ ಮನೆಯದೊಂದು!

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಎಚ್‌ಎಎಲ್‌ನಲ್ಲೇ ತಯಾರಾದ ಮಾರುತ್ ಯುದ್ಧವಿಮಾನವಿದೆ. ರಜೆಯಲ್ಲಿ ಅಜ್ಜನ ಕೈಹಿಡಿದು ಹೋದಾಗ ಫೋಟೋ ತೆಗೆಸಿಕೊಂಡು ಓಡಿಬಿಡಬೇಡಿ. ಸುತ್ತು ಬಂದು ಎಲ್ಲಾದರೂ ನಂಬರು ಕಾಣುತ್ತದೆಯೇ ನೋಡಿ. ಕಂಡರೆ ನೋಟ್‌ಬುಕ್‌ನಲ್ಲಿ ದಿನಾಂಕ ಹಾಕಿ ಬರೆದಿಡಿ.